ತೊಗರಿ ದರ ನಿಲ್ಲೋದು ಗಂಜಿನಲ್ಲೋ, ಬಂದರಿನಲ್ಲೋ?

ಎಳ್ಳಮಾಸಿ ಮುಗಿದು ರಾಶಿ ಶುರುವಾದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಗಂಜಿನ್ಯಾಗ ಇವತ್ತ ದರ ಏನದರಿ?" ಕಲಬುರಗಿ ಗಂಜಿನ ಅಡತಿ ಅಂಗಡಿಯವರು ಹೇಳಿದ್ದೇ ದರ ಅಂತ ನಾವು ತಿಳಿದಿದ್ದೇವೆ. ದರ ಬಿದ್ದರೆ ಅವರನ್ನೇ ಬೈಯುತ್ತೇವೆ. ತೂಕದಲ್ಲಿ, ಸೂಟಿನಲ್ಲಿ ಮೋಸ ಆದರೆ ಬೈಯಲೇಬೇಕು. ಆದರೆ ಒಂದು ವರ್ಷ ಹನ್ನೆರಡು ಸಾವಿರಕ್ಕೆ ಹೋದ ತೊಗರಿ ಮರುವರ್ಷ ಏಳೂವರೆ ಸಾವಿರಕ್ಕೆ ಬಿದ್ದರೆ ಅದು ಒಬ್ಬ ದಲಾಲನ ಕೈಚಳಕ ಅಲ್ಲ. ಆ ದರದ ಹಗ್ಗ ದಿಲ್ಲಿಯಲ್ಲಿದೆ, ಮುಂಬೈ ಮತ್ತು ಚೆನ್ನೈ ಬಂದರಿನಲ್ಲಿದೆ, ಅಲ್ಲಿಂದಾಚೆಗೆ ಮ್ಯಾನ್ಮಾರ್, ಮೊಜಾಂಬಿಕ್‌ನಲ್ಲಿದೆ.

ಆಮದು ಕೋಟಾ, ಆಮದು ಸುಂಕ ಅಂದರೆ ದೊಡ್ಡವರ ವಿಷಯ, ನಮಗ್ಯಾಕೆ ಅನ್ನಬಾರದು. ನಾಲ್ಕು ಎಕರೆಯವನ ಮನೆ ಲೆಕ್ಕಕ್ಕೂ ಅದು ನೇರವಾಗಿ ಬಂದು ಹೊಡೆಯುತ್ತದೆ. ಹೇಗೆ ಅಂತ ನೋಡೋಣ.

ನಾಲ್ಕು ಎಕರೆಯ ಲೆಕ್ಕ

ಕಲಬುರಗಿ ಜಿಲ್ಲೆಯಲ್ಲಿ ತೊಗರಿ 5ರಿಂದ 6 ಲಕ್ಷ ಹೆಕ್ಟೇರಿನಲ್ಲಿ ಇದೆ. ತೊಗರಿಯ ಕಣಜ ಅಂತ ಸುಮ್ಮನೆ ಹೆಸರು ಬಂದಿಲ್ಲ. 2019ರಲ್ಲಿ 'ಗುಲ್ಬರ್ಗ ತೊಗರಿ ಬೇಳೆ'ಗೆ ಭೌಗೋಳಿಕ ಗುರುತು ಕೂಡ ಸಿಕ್ಕಿತು. ಭೀಮಾ ದಂಡೆಯಲ್ಲಿ ನೀರಿದ್ದವರು ಕಬ್ಬಿಗೆ ಹೋದರು, ಜೇವರ್ಗಿ ಕಡೆ ಕೆಲವರು ಹತ್ತಿಗೆ ಹೋದರು. ಮಳೆ ನಂಬಿದ ಎರೆ ಭೂಮಿಯವನಿಗೆ ಮಾತ್ರ ತೊಗರಿಯೇ ಗತಿ. ಜೂನಿನಲ್ಲಿ ಬಿತ್ತಿದರೆ ಕೈಗೆ ಬರೋದು ಡಿಸೆಂಬರ್ ಅಥವಾ ಜನವರಿಗೆ. ವರ್ಷಕ್ಕೆ ಒಂದೇ ಬೆಳೆ, ಒಂದೇ ಸಲ ದುಡ್ಡು.

ಎಕರೆಗೆ ನಾಲ್ಕು ಕ್ವಿಂಟಲ್ ಅಂತ ಹಿಡಿಯಿರಿ. ನಾಲ್ಕು ಎಕರೆಗೆ 16 ಕ್ವಿಂಟಲ್. ದರ 10,000 ಇದ್ದರೆ 1,60,000 ರೂಪಾಯಿ. ದರ 7,000 ಆದರೆ 1,12,000. ನಡುವಿನ 48,000 ರೂಪಾಯಿ ಹೋಯಿತು. ಬೀಜ, ಗೊಬ್ಬರ, ಕಾಯಿಕೊರಕಕ್ಕೆ ಹೊಡೆದ ಎಣ್ಣೆ, ಕಟಾವಿನ ಕೂಲಿ ಯಾವುದೂ ಒಂದು ರೂಪಾಯಿ ಕಡಿಮೆ ಆಗಿರುವುದಿಲ್ಲ. ಹೋಗುವುದೆಲ್ಲ ಮನೆಗೆ ಉಳಿಯಬೇಕಾದ ದುಡ್ಡೇ.

ಇದರ ಮೇಲೆ ನೆಟೆ ರೋಗ. 2022ರ ಹಂಗಾಮಿನಲ್ಲಿ ಜಿಲ್ಲೆಯ ಹೊಲ ಹೊಲಗಳೇ ನಿಂತಲ್ಲೇ ಒಣಗಿದವು. ಆಗ ರಾಜ್ಯ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ಬಂದು ದಂಡೆಯ ಬೆಳೆ ನೀರಲ್ಲಿ ನಿಂತಿತು. ರೋಗ, ಮಳೆ ನಮ್ಮ ಕೈಯಲ್ಲಿಲ್ಲ, ಸರಿ. ಆಮದು ಆದೇಶ ಮಾತ್ರ ಮನುಷ್ಯರೇ ಕೂತು ಬರೆಯುವಂಥದ್ದು.

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಮನೆಗೆ ಎರಡು ಬಾಗಿಲು ಅಂದುಕೊಳ್ಳಿ. ಒಂದು ಮಾಲು ಹೊರಗೆ ಹೋಗೋದು, ಇನ್ನೊಂದು ಒಳಗೆ ಬರೋದು. 2006ರಲ್ಲಿ ಕೇಂದ್ರ ಸರ್ಕಾರ ಬೇಳೆಕಾಳಿನ ರಫ್ತು ನಿಲ್ಲಿಸಿತು. ತೊಗರಿಗೆ ಆ ಬಾಗಿಲು ಮತ್ತೆ ತೆರೆದದ್ದು 2017ರಲ್ಲಿ. ಹನ್ನೊಂದು ವರ್ಷ ಹೊರಗೆ ಕಳಿಸುವ ದಾರಿ ಬಂದ್, ಒಳಗೆ ಬರುವ ದಾರಿ ಮಾತ್ರ ಖುಲ್ಲಾ.

2015ರ ಅಕ್ಟೋಬರ್‌ನಲ್ಲಿ ಪೇಟೆಯಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಊರೆಲ್ಲ ಗದ್ದಲ. 2016ರ ಜುಲೈನಲ್ಲಿ ಮೊಜಾಂಬಿಕ್ ದೇಶದ ಜೊತೆ ಒಪ್ಪಂದ ಆಯಿತು: ಮೊದಲ ವರ್ಷ 1 ಲಕ್ಷ ಟನ್ ತೊಗರಿ, ವರ್ಷ ವರ್ಷ ಏರಿಸುತ್ತಾ 2020-21ಕ್ಕೆ 2 ಲಕ್ಷ ಟನ್. ಅದೇ ಹೊತ್ತಿಗೆ ನಮ್ಮವರೂ ಒಳ್ಳೆ ದರ ಕಂಡು ಸಿಕ್ಕ ಸಿಕ್ಕ ಹೊಲಕ್ಕೆಲ್ಲ ತೊಗರಿ ಬಿತ್ತಿದ್ದರು. ಮಳೆಯೂ ಕೈಹಿಡಿಯಿತು. 2016-17ರಲ್ಲಿ ದೇಶದಲ್ಲಿ 48 ಲಕ್ಷ ಟನ್ ಮೀರಿ ತೊಗರಿ ಬಂತು. ಅದರ ಮೇಲೆ ಆಮದು ಬೇರೆ. ಬೋನಸ್ ಸೇರಿ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಗಂಜಿನಲ್ಲಿ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು. ಖರೀದಿ ಕೇಂದ್ರದ ಮುಂದೆ ಚೀಲ ಇಟ್ಟುಕೊಂಡು ಸರದಿ ಕಾದ ದಿನ ಯಾರೂ ಮರೆತಿಲ್ಲ.

ಆಮೇಲೆ ಸರ್ಕಾರ ಬಾಗಿಲು ಹಾಕತೊಡಗಿತು. 2017ರ ಮಾರ್ಚ್‌ನಲ್ಲಿ ತೊಗರಿ ಮೇಲೆ ಶೇಕಡಾ 10 ಆಮದು ಸುಂಕ. ಅದೇ ಆಗಸ್ಟ್‌ನಲ್ಲಿ ವರ್ಷಕ್ಕೆ 2 ಲಕ್ಷ ಟನ್ ಮಾತ್ರ ಅಂತ ಕೋಟಾ. ಮೊಜಾಂಬಿಕ್ ಒಪ್ಪಂದದ ಮಾಲು ಈ ಲೆಕ್ಕದಿಂದ ಹೊರಗೆ. ಕೆಲವು ವ್ಯಾಪಾರಿಗಳು ಹೈಕೋರ್ಟುಗಳಿಂದ ತಡೆಯಾಜ್ಞೆ ತಂದು ಬೇಳೆಕಾಳು ಇಳಿಸಿಕೊಂಡರು. ಕೊನೆಗೆ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಈ ಮಿತಿ ಹಾಕುವ ಅಧಿಕಾರ ಸರ್ಕಾರಕ್ಕೆ ಇದೆ ಅಂತ ತೀರ್ಪು ಕೊಟ್ಟಿತು. ಅಷ್ಟರೊಳಗೆ 2019ರಲ್ಲೇ ಕೋಟಾ 4 ಲಕ್ಷ ಟನ್ನಿಗೆ ಏರಿತ್ತು.

2021ರ ಮೇ ತಿಂಗಳಲ್ಲಿ ಕೋಟಾ ತೆಗೆದು ಆಮದು ಮುಕ್ತ ಮಾಡಿದರು. ಮೊದಲು ಹೇಳಿದ್ದು ಅದೇ ವರ್ಷದ ಅಕ್ಟೋಬರ್‌ವರೆಗೆ ಅಂತ. ಆಮೇಲೆ ವರ್ಷ ವರ್ಷ ಮುಂದಕ್ಕೆ ಹಾಕುತ್ತಾ ಬಂದು, 2025ರ ಜನವರಿಯಲ್ಲಿ, ಅಂದರೆ ನಮ್ಮ ರಾಶಿ ಕಣದಲ್ಲಿ ಇದ್ದಾಗಲೇ, 2026ರ ಮಾರ್ಚ್ 31ರವರೆಗೆ ವಿಸ್ತರಿಸಿದರು. 2023ರ ಮಾರ್ಚ್‌ನಲ್ಲಿ ಇಡೀ ತೊಗರಿ ಮೇಲಿನ ಶೇಕಡಾ 10 ಸುಂಕವೂ ಹೋಗಿತ್ತು. ಅದೇ ಜೂನ್‌ನಲ್ಲಿ ವ್ಯಾಪಾರಿಗಳಿಗೆ ದಾಸ್ತಾನು ಮಿತಿ ಬಂತು.

ಫಲ ಏನಾಯಿತು? 2023ರ ಕೊನೆಗೆ ಬೆಳೆ ಕಡಿಮೆ, ಮೊಜಾಂಬಿಕ್ ಬಂದರಿನಲ್ಲಿ ಮಾಲು ಸಿಕ್ಕಿಬಿದ್ದಿತ್ತು, ದರ 10,000 ದಾಟಿತು. 2024-25ರಲ್ಲಿ 12 ಲಕ್ಷ ಟನ್ ಮೀರಿ ತೊಗರಿ ಹೊರಗಿನಿಂದ ಬಂತು. ಆ ಹಂಗಾಮಿನ ಬೆಂಬಲ ಬೆಲೆ 7,550. ಹೊಸ ಮಾಲು ಬರುವಾಗ ದರ ಅದಕ್ಕಿಂತ ಕೆಳಗಿಳಿಯಿತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಕೊಡುತ್ತೇವೆ ಅನ್ನಬೇಕಾಯಿತು. ಅಂದರೆ ದಿಲ್ಲಿಯ ಒಂದು ಕೈ ಆಮದು ಬಿಡುತ್ತದೆ, ಬಿದ್ದ ದರ ಎತ್ತಲಿಕ್ಕೆ ಬೆಂಗಳೂರಿನ ಬೊಕ್ಕಸದಿಂದ ದುಡ್ಡು ಹೋಗುತ್ತದೆ.

ಕೋಟಾದಲ್ಲೂ ಎರಡು ಜಾತಿ

ಕೋಟಾ ಅಂದರೆ ಮಿತಿ. ಅದರಲ್ಲಿ ಎರಡು ಬಗೆ ಇದೆ ಅನ್ನೋದು ತಿಳಿದಿರಬೇಕು.

ಒಂದು, ಕಟ್ಟುನಿಟ್ಟಿನ ಕೋಟಾ. 2 ಲಕ್ಷ ಟನ್ ಅಂದರೆ ಅಷ್ಟೇ, ಒಂದು ಚೀಲ ಹೆಚ್ಚಿಗೆ ಬರುವಂತಿಲ್ಲ. 2017ರಲ್ಲಿ ನಾವು ಹಾಕಿದ್ದು ಇದು. ಇದರಲ್ಲಿ ಲೈಸೆನ್ಸು ಯಾರಿಗೆ ಅನ್ನೋ ಪ್ರಶ್ನೆ ಬರುತ್ತದೆ. ಹೊರಗೆ ಅಗ್ಗ, ಒಳಗೆ ತುಟ್ಟಿ ಇದ್ದಾಗ ನಡುವಿನ ಲಾಭ ಲೈಸೆನ್ಸು ಸಿಕ್ಕವನ ಜೇಬಿಗೆ ಹೋಗುತ್ತದೆ, ಸರ್ಕಾರಕ್ಕೂ ಇಲ್ಲ, ರೈತನಿಗೂ ಇಲ್ಲ. ಇನ್ನೊಂದು ತೊಂದರೆಯೂ ಇದೆ. ಡಬ್ಲ್ಯೂಟಿಒ ನಿಯಮ ಇಂಥ ಕೋಟಾವನ್ನು ಸುಲಭವಾಗಿ ಒಪ್ಪುವುದಿಲ್ಲ. ಅಮೆರಿಕ ಹಾಕಿದ ಕೇಸಿನಲ್ಲಿ 1999ರಲ್ಲಿ ಸೋತ ಮೇಲೆ ಭಾರತ 2001ರ ಏಪ್ರಿಲ್ 1ಕ್ಕೆ ತನ್ನ ಹಳೆಯ ಪ್ರಮಾಣ ಮಿತಿಗಳನ್ನೆಲ್ಲ ತೆಗೆದಿತ್ತು. 1992-93ರಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ಡಂಕೆಲ್ ಪ್ರಸ್ತಾವದ ವಿರುದ್ಧ ಬೀದಿಗಿಳಿದಾಗ 'ಇದು ಬೇಳೆಗೂ ಬರುತ್ತದೆ' ಅಂತ ನಮ್ಮ ಕಡೆ ಎಷ್ಟು ಜನ ಯೋಚಿಸಿದ್ದೆವೋ! 2017ರ ನಂತರ ಕೆನಡಾ, ಆಸ್ಟ್ರೇಲಿಯಾದಂಥ ದೇಶಗಳು ನಮ್ಮ ಬೇಳೆಕಾಳು ಮಿತಿಯ ಬಗ್ಗೆ ಅಲ್ಲಿ ಮತ್ತೆ ಮತ್ತೆ ಪ್ರಶ್ನೆ ಎತ್ತಿದವು. 2019ರಲ್ಲಿ ಅಮೆರಿಕ ಮತ್ತು ಕೆನಡಾ ತೊಗರಿ ಸೇರಿ ಐದು ಬೇಳೆಕಾಳುಗಳ ಬೆಂಬಲ ಬೆಲೆಯನ್ನೇ ಪ್ರಶ್ನಿಸಿ ಅರ್ಜಿ ಹಾಕಿದವು.

ಎರಡನೆಯದು, ಸುಂಕದ ಕೋಟಾ. ಇಷ್ಟು ಟನ್‌ವರೆಗೆ ಕಡಿಮೆ ಸುಂಕ, ಅದರಾಚೆಗೆ ಎಷ್ಟು ಬೇಕಾದರೂ ತನ್ನಿ, ಆದರೆ ಭಾರಿ ಸುಂಕ ಕಟ್ಟಿ. ಬಾಗಿಲು ಮುಚ್ಚಿದ ಹಾಗೂ ಇಲ್ಲ, ಮನೆ ಲೂಟಿಯೂ ಆಗುವುದಿಲ್ಲ. ಇದಕ್ಕೆ ಹೆಸರಾದ ಉದಾಹರಣೆ ಯುರೋಪಿನ ದನದ ಮಾಂಸ.

ಯುರೋಪಿನ ದನಗಾರರು ಏನು ಮಾಡುತ್ತಾರೆ?

ನಮಗೆ ತೊಗರಿ ಹೇಗೋ ಐರ್ಲೆಂಡ್, ಫ್ರಾನ್ಸ್ ಕಡೆಯ ಸಣ್ಣ ರೈತರಿಗೆ ಮಾಂಸದ ದನ ಹಾಗೆ. ಅರ್ಜೆಂಟೀನಾ, ಬ್ರೆಜಿಲ್‌ನಲ್ಲಿ ಸಾವಿರಾರು ಎಕರೆ ಹುಲ್ಲುಗಾವಲು. ಅಲ್ಲಿಯ ಅಗ್ಗದ ಮಾಂಸ ಸಲೀಸಾಗಿ ಬಂದರೆ ಇವರು ಉಳಿಯುವುದಿಲ್ಲ. ಅದಕ್ಕೇ ಕೋಟಾ. ಅವರ ಹಳೆಯ 'ಹಿಲ್ಟನ್ ಕೋಟಾ'ದೊಳಗೆ ಬರುವ ಮೇಲ್ದರ್ಜೆ ಮಾಂಸಕ್ಕೆ ಶೇಕಡಾ 20 ಸುಂಕ. ಅದರಾಚೆ ಬಂದರೆ ಶೇಕಡಾ 12.8, ಅದರ ಮೇಲೆ ಎಲುಬಿಲ್ಲದ ಮಾಂಸಕ್ಕೆ ಕಿಲೋಗೆ ಸುಮಾರು 3 ಯೂರೋ. ಈ ಕಿಲೋ ಲೆಕ್ಕದ ಸುಂಕವೇ ಗೋಡೆ. ಹೊರಗಿನ ಮಾಲು ಎಷ್ಟೇ ಅಗ್ಗ ಆದರೂ ಆ 3 ಯೂರೋ ಕಡಿಮೆ ಆಗುವುದಿಲ್ಲ.

ದಕ್ಷಿಣ ಅಮೆರಿಕದ ಮರ್ಕೋಸುರ್ ಗುಂಪಿನ ದೇಶಗಳ ಜೊತೆ ಯುರೋಪು ಇಪ್ಪತ್ತೈದು ವರ್ಷ ಮಾತುಕತೆ ನಡೆಸಿ 2024ರ ಡಿಸೆಂಬರ್‌ನಲ್ಲಿ ಮುಗಿಸಿತು. ಅದರಲ್ಲಿ 99,000 ಟನ್ ದನದ ಮಾಂಸಕ್ಕೆ ಶೇಕಡಾ 7.5 ಸುಂಕದ ಕೋಟಾ ಇದೆ, ಅದೂ ಒಮ್ಮೆಲೇ ಅಲ್ಲ, ಹಂತ ಹಂತವಾಗಿ. ಅದು ಯುರೋಪಿನ ಉತ್ಪಾದನೆಯ ಶೇಕಡಾ ಒಂದೂವರೆ ಮಾತ್ರ. ಅಷ್ಟಕ್ಕೇ ಅಲ್ಲಿಯ ರೈತರು ಟ್ರ್ಯಾಕ್ಟರ್ ಹತ್ತಿ 2025ರ ಡಿಸೆಂಬರ್‌ನಲ್ಲಿ ಬ್ರಸೆಲ್ಸ್ ಪಟ್ಟಣಕ್ಕೆ ನುಗ್ಗಿದರು. ಆಮದು ಒಮ್ಮೆಲೆ ಏರಿದರೆ, ದರ ಬಿದ್ದರೆ ರಿಯಾಯಿತಿ ತಡೆಹಿಡಿಯುವ ರಕ್ಷಣಾ ನಿಯಮದ ಪ್ರಸ್ತಾಪವನ್ನು ಅಲ್ಲಿನ ಆಡಳಿತವೂ 2025ರಲ್ಲಿ ಮುಂದಿಟ್ಟಿತು.

ನಮ್ಮದು ನೋಡಿ. ದೇಶದಲ್ಲಿ ಬೆಳೆಯುವ ತೊಗರಿ ಸುಮಾರು 35 ಲಕ್ಷ ಟನ್. ಬಂದದ್ದು 12 ಲಕ್ಷ ಟನ್ ಮೀರಿ. ಮೂರರಲ್ಲಿ ಒಂದು ಪಾಲು. ಅಲ್ಲಿ ನೂರಕ್ಕೆ ಒಂದೂವರೆಗೆ ಊರೇ ನಡುಗಿತು. ಇಲ್ಲಿ ಮೂರನೇ ಒಂದು ಪಾಲು ಬಂದು ಇಳಿದರೂ ನಮಗೆ ಸುದ್ದಿಯೇ ಮುಟ್ಟಿರಲಿಲ್ಲ.

ಯುರೋಪು ಮಾಡಿದ್ದೆಲ್ಲ ಸರಿ ಅಂತ ಅಲ್ಲ. ಸಬ್ಸಿಡಿಯ ಬಲದ ಮೇಲೆ ಹೆಚ್ಚುವರಿ ಮಾಂಸ, ಬೆಣ್ಣೆಯನ್ನು ಬೇರೆ ದೇಶಕ್ಕೆ ಸುರಿದು ಅಲ್ಲಿಯ ರೈತರನ್ನು ಕೆಡಿಸಿದ್ದೂ ಅವರೇ. ನಾವು ಕಲಿಯಬೇಕಾದ್ದು ಇಷ್ಟೇ: ಎಷ್ಟು ಬರಬೇಕು, ಯಾವಾಗ ಬರಬೇಕು, ಎಷ್ಟು ಸುಂಕ ಅನ್ನೋದನ್ನು ಅವರು ಮೊದಲೇ ಬರೆದಿಡುತ್ತಾರೆ. ಬಿತ್ತುವವನಿಗೆ ಗೊತ್ತಿರುತ್ತದೆ. ಟೊಮೆಟೊ, ಸೇಬಿನಂಥ ಮಾಲಿಗೆ ಅವರ ಆಮದು ದರದ ನಿಯಮ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ತಮ್ಮ ರೈತನ ಸುಗ್ಗಿ ಇದ್ದಾಗ ಬಿಗಿ, ಇಲ್ಲದಾಗ ಸಡಿಲ.

ಶೇಕಡಾ 10 ಸುಂಕದ ತೂತು

'ಸುಂಕ ಇತ್ತಲ್ಲ, ಆದರೂ ದರ ಬಿದ್ದಿತ್ತಲ್ಲ' ಅಂತ ಕೇಳಬಹುದು. ಅದರ ಒಳಗುಟ್ಟು ಇಲ್ಲಿದೆ. ತೊಗರಿ ಬರೋದು ಬಹುತೇಕ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿಯಿಂದ. ಇವೆಲ್ಲ ಅತಿ ಹಿಂದುಳಿದ ದೇಶಗಳ ಪಟ್ಟಿಯವು. ಇಂಥ ದೇಶಗಳ ಮಾಲಿಗೆ ಸುಂಕ ಬೇಡ ಅಂತ ಭಾರತ 2008ರಲ್ಲೇ ರಿಯಾಯಿತಿ ಕೊಟ್ಟಿದೆ. ಆದ್ದರಿಂದ ಶೇಕಡಾ 10 ಸುಂಕ ಕಾಗದದಲ್ಲಿ ಇತ್ತು, ಬಂದರಿನಲ್ಲಿ ಅಷ್ಟಾಗಿ ಇರಲಿಲ್ಲ.

ಸುಂಕ ಬಿದ್ದರೂ ಸಾಕಾಗುತ್ತದೆಯೇ? ಲೆಕ್ಕಕ್ಕೆ ಹೊರಗಿನ ತೊಗರಿ ಬಂದರಿಗೆ 6,500 ರೂಪಾಯಿಗೆ ಇಳಿಯಿತು ಅನ್ನಿ. ಶೇಕಡಾ 10 ಸೇರಿಸಿದರೆ 7,150. 2025-26ರ ಬೆಂಬಲ ಬೆಲೆ 8,000. ಮಿಲ್ಲಿನವ ಯಾವುದನ್ನು ಕೊಳ್ಳುತ್ತಾನೆ? ಅವನೂ ವ್ಯಾಪಾರ ಮಾಡಬೇಕಲ್ಲ. ಎರಡೂ ಸಮ ಆಗಬೇಕಾದರೆ ಸುಂಕ ಶೇಕಡಾ 23ರ ಆಸುಪಾಸು ಇರಬೇಕು. ಹೊರಗಿನ ದರವೇ 8,500 ಇದ್ದ ವರ್ಷ ಸುಂಕ ಸೊನ್ನೆ ಇದ್ದರೂ ನಮಗೆ ಧಕ್ಕೆ ಇಲ್ಲ.

ಇದಕ್ಕೆ ಇನ್ನೊಂದು ಸೇರಿಸಿ: ಹಳದಿ ಬಟಾಣಿ. 2017ರ ನವೆಂಬರ್‌ನಿಂದ ಅದರ ಮೇಲೆ ಶೇಕಡಾ 50 ಸುಂಕ ಇತ್ತು. 2023ರ ಡಿಸೆಂಬರ್‌ನಲ್ಲಿ ಸೊನ್ನೆ ಮಾಡಿದರು. ಕೆನಡಾ, ರಷ್ಯಾದಿಂದ ಹಡಗು ಹಡಗು ಬಂತು. ಎಲ್ಲಾ ಬೇಳೆಕಾಳು ಸೇರಿ 2024-25ರ ಆಮದು 70 ಲಕ್ಷ ಟನ್ ದಾಟಿತು. ಹೋಟೆಲ್ಲು, ಹಿಟ್ಟಿನ ಗಿರಣಿಗಳಲ್ಲಿ ಅಗ್ಗದ ಬಟಾಣಿ ಕಡಲೆಯ ಜಾಗಕ್ಕೂ ಬೇಳೆಯ ಜಾಗಕ್ಕೂ ಬಂದು ಕೂತಿತು. ಹಾಗಾಗಿ ತೊಗರಿ ಆಮದು ಒಂದನ್ನೇ ಕಾಯುತ್ತಾ ಕೂತರೆ ಬಟಾಣಿ ಹಿಂಬಾಗಿಲಿಂದ ಬರುತ್ತದೆ. 2025ರ ನವೆಂಬರ್ 1ರಿಂದ ಬಟಾಣಿಗೆ ಶೇಕಡಾ 30 ಸುಂಕ ಹಾಕಿದ್ದು ಈ ಕೂಗು ದಿಲ್ಲಿಗೆ ಮುಟ್ಟಿದ ಮೇಲೆ.

ಅಲ್ಲಿಯವನೂ ನಮ್ಮಂಥವನೇ

ಮೊಜಾಂಬಿಕ್, ಮಲಾವಿಯ ರೈತನ ಮೇಲೆ ಸಿಟ್ಟು ಮಾಡಿಕೊಳ್ಳುವ ಕೆಲಸ ಇಲ್ಲ. ಅವನೂ ಎರಡು-ಮೂರು ಎಕರೆಯವ. ಮೊಜಾಂಬಿಕ್‌ನಲ್ಲಿ ತೊಗರಿ ಉಣ್ಣುವವರೇ ಕಡಿಮೆ, ಭಾರತ ಕೊಳ್ಳುತ್ತದೆ ಅಂತಲೇ ಬಿತ್ತುತ್ತಾರೆ. 2017ರಲ್ಲಿ ನಾವು ಒಮ್ಮೆಲೇ ಕೋಟಾ ಹಾಕಿದಾಗ ಅಲ್ಲಿಯ ಹಳ್ಳಿಗಳಲ್ಲೂ ದರ ಕುಸಿದು ಮಾಲು ಕೊಳ್ಳುವವರಿಲ್ಲದೆ ಉಳಿಯಿತು. ಇವತ್ತು ತೆರೆ, ನಾಳೆ ಮುಚ್ಚು ಅನ್ನುವ ಆಟದಲ್ಲಿ ಕಲಬುರಗಿಯ ರೈತನೂ ಸೋಲುತ್ತಾನೆ, ಮೊಜಾಂಬಿಕ್‌ನ ರೈತನೂ ಸೋಲುತ್ತಾನೆ. ಮಾಲು ಹಿಡಿದಿಟ್ಟು ದರ ನೋಡಿ ಬಿಡುವ ದೊಡ್ಡ ವ್ಯಾಪಾರಿ ಮಾತ್ರ ಎರಡೂ ಕಡೆ ಗೆಲ್ಲುತ್ತಾನೆ.

ಕೊರತೆ ಇದೆ ಅನ್ನೋದೂ ಸುಳ್ಳಲ್ಲ. ದೇಶಕ್ಕೆ ವರ್ಷಕ್ಕೆ ಬೇಕಾದದ್ದು ಸುಮಾರು 45 ಲಕ್ಷ ಟನ್, ಬೆಳೆಯುವುದು 35 ಲಕ್ಷ. ಕೂಲಿ ಮಾಡಿ ಉಣ್ಣುವವನಿಗೆ 200 ರೂಪಾಯಿ ಬೇಳೆ ಕೊಳ್ಳಲಿಕ್ಕೆ ಆಗುವುದಿಲ್ಲ. ನಮ್ಮ ಊರಲ್ಲೇ ಹೊಲ ಇಲ್ಲದವರೂ ಬೇಳೆ ಕೊಂಡೇ ತಿನ್ನಬೇಕು. ಆಮದೇ ಬೇಡ ಅಂತ ನಾವು ಹೇಳುವಂತಿಲ್ಲ. ಬರಲಿ, ಆದರೆ ಯಾವಾಗ, ಯಾವ ದರಕ್ಕೆ ಅನ್ನೋದು ಪ್ರಶ್ನೆ. ಆಫ್ರಿಕಾದ ಹೊಸ ತೊಗರಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಹಡಗು ಹತ್ತುತ್ತದೆ. ಮ್ಯಾನ್ಮಾರ್ ತೊಗರಿ ನಮ್ಮ ಸುಗ್ಗಿಯ ಜೊತೆಗೇ ಬರುತ್ತದೆ. ಅಂದರೆ ಮಿಲ್ಲಿನ ಗೋದಾಮು ತುಂಬಿದ ಮೇಲೆ ನಮ್ಮ ಚೀಲ ಗಂಜಿಗೆ ಹೋಗುತ್ತದೆ.

ನಾವು ಕೇಳಬೇಕಾದ್ದು

ಬರೀ "ಆಮದು ನಿಲ್ಲಿಸಿ" ಅಂತ ಕೂಗಿದರೆ ಯಾರೂ ಕೇಳುವುದಿಲ್ಲ. ಹಿಡಿದು ಕೇಳಬೇಕು.

1. ಆಮದು ನೀತಿ ಬಿತ್ತನೆಗೆ ಮುಂಚೆ, ಮೇ ತಿಂಗಳೊಳಗೆ ಗೊತ್ತಾಗಬೇಕು. ರಾಶಿ ಕಣದಲ್ಲಿ ಇರುವಾಗ ಆದೇಶ ಹೊರಡಬಾರದು.

2. ಬಂದರಿನ ದರ ಬೆಂಬಲ ಬೆಲೆಗಿಂತ ಕೆಳಗಿದ್ದರೆ ಆ ಅಂತರ ತುಂಬುವಷ್ಟು ಸುಂಕ ಬೀಳಬೇಕು. ಡಬ್ಲ್ಯೂಟಿಒದಲ್ಲಿ ನಾವು ಒಪ್ಪಿರುವ ಗರಿಷ್ಠ ಸುಂಕ ಶೇಕಡಾ 10ಕ್ಕಿಂತ ಎಷ್ಟೋ ಮೇಲಿದೆ. ಅದರೊಳಗೆ ಏರಿಸಿ ಇಳಿಸುವ ಹಕ್ಕು ನಮ್ಮದೇ.

3. ಬಡ ದೇಶಗಳಿಗೆ ಮಾತು ಕೊಟ್ಟಿದ್ದರೆ ಒಪ್ಪಂದದ ಅಳತೆಗೆ ನಿಲ್ಲಬೇಕು. 2021ರ ಒಪ್ಪಂದಗಳಲ್ಲಿ ಮೊಜಾಂಬಿಕ್‌ಗೆ 2 ಲಕ್ಷ, ಮ್ಯಾನ್ಮಾರ್‌ಗೆ 1 ಲಕ್ಷ, ಮಲಾವಿಗೆ 50,000, ಒಟ್ಟು ವರ್ಷಕ್ಕೆ ಮೂರೂವರೆ ಲಕ್ಷ ಟನ್, 2025-26ರವರೆಗೆ ಅಂತ ಇತ್ತು. ಅಷ್ಟಕ್ಕೆ ಸುಂಕ ಬೇಡ. ಅದರಾಚೆಗೆ ಬರುವ ಮಾಲಿಗೆ ಯುರೋಪಿನವರ ಹಾಗೆ ಸುಂಕ ಇರಲಿ.

4. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ನಮ್ಮ ಸುಗ್ಗಿಯ ನಾಲ್ಕು ತಿಂಗಳು, ಬಿಗಿ ಇರಲಿ.

5. 2025ರ ಬಜೆಟ್ಟಿನಲ್ಲಿ ಬೇಳೆಕಾಳು ಸ್ವಾವಲಂಬನೆಯ ಆರು ವರ್ಷದ ಯೋಜನೆ ಘೋಷಣೆ ಆಯಿತು. ತೊಗರಿ, ಉದ್ದು, ಮಸೂರನ್ನು ರೈತ ತಂದಷ್ಟೂ ನಾಲ್ಕು ವರ್ಷ ನಾಫೆಡ್ ಮತ್ತು ಎನ್‌ಸಿಸಿಎಫ್ ಕೊಳ್ಳುತ್ತವೆ ಅಂತ ಮಾತು ಕೊಟ್ಟಿದ್ದಾರೆ. 'ತಂದಷ್ಟೂ' ಅಂದರೆ ಎಕರೆಗೆ ಇಷ್ಟೇ ಕ್ವಿಂಟಲ್ ಅನ್ನುವ ಮಿತಿ ಇರಬಾರದು, ಖರೀದಿ ಕೇಂದ್ರ ರಾಶಿಗೆ ಮುಂಚೆ ತೆರೆಯಬೇಕು.

ಈ ಐದನ್ನು ಗ್ರಾಮಸಭೆಯ ಠರಾವಿನಲ್ಲಿ ಬರೆಸಿ ನಮ್ಮ ಶಾಸಕರಿಗೆ, ಸಂಸದರಿಗೆ, ಕಲಬುರಗಿಯ ತೊಗರಿ ಅಭಿವೃದ್ಧಿ ಮಂಡಳಿಗೆ ಕೊಡಬಹುದು. ಖರ್ಚು ಒಂದು ಅಂಚೆ ಚೀಟಿಯದು.

ಮನೆಮಟ್ಟಕ್ಕೆ ಮಾಡಬಹುದಾದ್ದು

ದಿಲ್ಲಿ ಕೇಳುವವರೆಗೆ ಸುಮ್ಮನೆ ಕೂರುವುದೂ ಬೇಡ.

ಫ್ರೂಟ್ಸ್ ನೋಂದಣಿಯಲ್ಲಿ ನಿಮ್ಮ ಸರ್ವೆ ನಂಬರು, ಬೆಳೆ ಸಮೀಕ್ಷೆಯಲ್ಲಿ 'ತೊಗರಿ' ಸರಿಯಾಗಿ ದಾಖಲಾಗಿದೆಯೇ ನೋಡಿಕೊಳ್ಳಿ. ಖರೀದಿ ಕೇಂದ್ರದಲ್ಲಿ ವಾಪಸ್ ಕಳಿಸುವುದು ಹೆಚ್ಚಾಗಿ ಈ ಕಾಗದದ ತಪ್ಪಿಗೆ.

ತೇವ ಶೇಕಡಾ 12ರ ಒಳಗೆ ಇರಬೇಕು. ಕಾಳು ಹಲ್ಲಿಗೆ ಕಡಿದರೆ ಟಕ್ ಅನ್ನುವಷ್ಟು ಎರಡು ದಿನ ಬಿಸಿಲಿಗೆ ಹಾಕಿ, ಜಾಲಿಸಿ, ಮಣ್ಣು, ಕಸ, ಮುರುಕು ತೆಗೆದು ಒಯ್ಯಿರಿ.

ಇಡೀ ಮಾಲನ್ನು ಒಂದೇ ದಿನ ಗಂಜಿಗೆ ಹಾಕಬೇಡಿ. ಸಾಲಕ್ಕೆ, ಕೂಲಿಗೆ ಬೇಕಾದಷ್ಟು ಮಾರಿ. ಉಳಿದದ್ದಕ್ಕೆ ಉಗ್ರಾಣದ ರಸೀದಿ ಮೇಲೆ ಅಡಮಾನ ಸಾಲ ಸಿಗುತ್ತದೆಯೇ ಅಂತ ಎಪಿಎಂಸಿಯಲ್ಲಿ ವಿಚಾರಿಸಿ. ಆದರೆ ದರ ಏರೇ ಏರುತ್ತದೆ ಅಂತ ಇಡೀ ಮಾಲು ಹಿಡಿದು ಕೂರುವುದೂ ಜೂಜೇ. ಒಂದು ಆಮದು ಆದೇಶ ಬಂದರೆ ಕಾದದ್ದೆಲ್ಲ ನೀರು ಪಾಲು.

ತೊಗರಿಯಲ್ಲಿ ಹೆಸರು, ಉದ್ದು ಅಕ್ಕಡಿ ಹಾಕುವ ನಮ್ಮ ಹಿರಿಯರ ರೂಢಿ ಬಿಡಬೇಡಿ. ಆಗಸ್ಟ್‌ನಲ್ಲಿ ನಾಲ್ಕು ಕಾಸು ಕೈಗೆ ಬಂದಿದ್ದರೆ ಜನವರಿಯಲ್ಲಿ ಸಿಕ್ಕ ದರಕ್ಕೆ ಒಗೆಯುವ ಗತಿ ಬರುವುದಿಲ್ಲ.

ಹತ್ತಾರು ಮನೆ ಸೇರಿ ಸಣ್ಣ ಬೇಳೆ ಗಿರಣಿ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಭೌಗೋಳಿಕ ಗುರುತು ಇರುವುದು ನಮ್ಮ ಬೇಳೆಗೆ. ಕಾಳಾಗಿ ಮಾರಿದರೆ ಅದು ಹೊರಗಿನ ತೊಗರಿಯ ಜೊತೆ ಒಂದೇ ಗೋದಾಮಿಗೆ ಹೋಗುತ್ತದೆ, ಗುರುತು ಅಲ್ಲಿಗೆ ಮುಗಿಯಿತು.

ಮಳೆ ಯಾವಾಗ ಅಂತ ದಿನಾ ಮುಗಿಲು ನೋಡುತ್ತೇವೆ. ಬಿತ್ತುವ ಮುಂಚೆ ಒಮ್ಮೆ ಆಮದು ಆದೇಶದ ಕೊನೆ ತಾರೀಖು ಯಾವುದು ಅಂತಲೂ ಕೇಳಿಕೊಳ್ಳೋಣ. ಅದು ಕೂಡ ನಮ್ಮ ಹೊಲದ ಮೇಲೆ ಬೀಳುವ ಮಳೆಯೇ.